ಗೋಡೆ ಕಡೆ ಮಗ್ಗುಲು

ಮೊದ್ಲು ಯಾರಾದ್ರೂ ಹೋಗಿ ಆ ಬಚ್ಚಲಮನೆ ನಲ್ಲಿ ಬಿಗಿ ಮಾಡಿ ಬನ್ನಿ. ತೊಟ್ಟಿಕ್ತಾ ಇದೆ. ಆ ಸದ್ದು ಕೇಳ್ತಾ ಇದನ್ನ ಹೇಳೋಕೆ ನನ್ನ ಕೈಲಾಗಲ್ಲ…

ಹಾಂ. ಈಗ ಹತ್ರ ಬಂದು ಕೂತ್ಕೊಳ್ಳಿ. ಜೋರಾಗಿ ಹೇಳೋ ವಿಷಯ ಅಲ್ಲ.

ಇದು ಎಲ್ಲೋ ಯಾರಿಗೋ ಆಗಿದ್ದಲ್ಲ. ಭದ್ರಾವತಿ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆ ಸುಮನಾಗೆ ಆಗಿದ್ದು. ಶಿವಮೊಗ್ಗದಲ್ಲಿ ಒಂದು ರಕ್ತ ಪರೀಕ್ಷೆ ಲ್ಯಾಬಲ್ಲಿ ಅವಳಿಗೆ ಕೆಲಸ. ದಿನಾ ಬಸ್ಸಲ್ಲಿ ಓಡಾಟ. ದೆವ್ವ ಗಿವ್ವ ಅಂದ್ರೆ ನಗೋಳು. ‘ಬೆಳಗಿಂದ ಸಂಜೆ ತನಕ ಊರವರ ರಕ್ತ ಎಳೀತೀನಿ, ದೆವ್ವಗಳೇ ನನ್ನ ಕಂಡ್ರೆ ಹೆದರ್ಬೇಕು’ ಅನ್ನೋಳು.

ಹೋದ ವರ್ಷದ ಬೇಸಿಗೆ ನೆನಪಿದೆಯಲ್ಲ? ರಾತ್ರಿ ಗೋಡೆ ಮುಟ್ಟಿದ್ರೂ ಬಿಸಿ. ಫ್ಯಾನ್ ಹಾಕಿದ್ರೆ ಒಲೆ ಮುಂದೆ ಊದುಗೊಳವೆ ಹಿಡಿದ ಹಾಗೆ ಗಾಳಿ. ಅವತ್ತು ಲ್ಯಾಬಲ್ಲಿ ಯಾವುದೋ ಮಷೀನು ಕೈಕೊಟ್ಟು ಸುಮನಾಗೆ ತಡ ಆಯ್ತು. ದಿನಾ ಬರೋ ಬಸ್ಸು ಹೋಗಿತ್ತು. ತರೀಕೆರೆ ಕಡೆ ಹೋಗೋ ಬಸ್ಸು ಹತ್ತಿ ಬಂದು ಇಳಿಯೋ ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ವು. ಒಂದು ಆಟೋನೂ ಇಲ್ಲ.

ಒಳದಾರಿ ಹಿಡಿದ್ಲು. ಆ ದಾರೀಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದಾರೆ. ಅದರ ನೀರು ಬತ್ತಿ ಎಷ್ಟೋ ಕಾಲ ಆಯ್ತು. ಈಗ ಒಳಗೆ ಬರೀ ಪ್ಲಾಸ್ಟಿಕ್ ಕವರು, ಒಣಗಿದ ಹಾರ. ಬೀದಿದೀಪ ಬೇರೆ ಕೆಟ್ಟಿತ್ತು. ಮೊಬೈಲ್ ಟಾರ್ಚ್ ಹಾಕ್ಕೊಂಡು ಬಿರಬಿರನೆ ನಡೀತಿದ್ಲು.

ಬಾವಿ ಪಕ್ಕ ಬಂದಾಗ ಕೇಳಿಸ್ತು.

ಗುಟುಕ್… ಗುಟುಕ್… ಗುಟುಕ್…

ಯಾರೋ ನೀರು ಕುಡೀತಿದಾರೆ. ಬಾಯಾರಿ ಬಂದವರು ಉಸಿರು ತಗೊಳ್ಳೋಕೂ ನಿಲ್ಲಿಸದೆ ಕುಡೀತಾರಲ್ಲ, ಹಾಗೆ. ಗಂಟಲಲ್ಲಿ ನೀರು ಇಳಿಯೋದು ಒಂದೊಂದೇ ಕೇಳ್ತಿದೆ. ನಾಯಿ ಅಲ್ಲ. ನಾಯಿ ನೀರು ಕುಡಿದ್ರೆ ಲಪಲಪ ಅನ್ನತ್ತೆ. ಇದು ಮನುಷ್ಯರ ಗಂಟಲು.

ಟಾರ್ಚ್ ತಿರುಗಿಸಿದ್ಲು. ಜಾಲರಿ. ಆಚೆ ಕತ್ತಲೆ. ಸದ್ದು ನಿಂತೋಯ್ತು. ಕುಡಿದು ಮುಗಿಸಿದವರು ‘ಹಾ…’ ಅಂತಾರಲ್ಲ, ಅದು ಬರ್ಲಿಲ್ಲ. ಬದಲಿಗೆ ಒಂದು ಒಣ ಕೆಮ್ಮು. ಖ್ಹ್… ಖ್ಹ್… ಅಷ್ಟೇ.

ಆಮೇಲೆ ಅವಳು ನಡೀಲಿಲ್ಲ. ಓಡಿದ್ಲು.

ಮನೇಲಿ ಅವಳ ಅತ್ತೆ ಬಸವರಾಜೇಶ್ವರಮ್ಮ. ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ರು. ಗಂಡ ರುದ್ರೇಶನಿಗೆ ಮಾಚೇನಹಳ್ಳಿ ಕಡೆ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸ, ಹೆಚ್ಚು ಕಮ್ಮಿ ರಾತ್ರಿ ಪಾಳಿ. ಹಗಲು ಅತ್ತೇನ ನೋಡ್ಕೊಳ್ಳೋಕೆ ಹುಲಿಗೆಮ್ಮ ಅಂತ ಒಬ್ಬಾಕೆ ಬರ್ತಿದ್ಲು. ಅವಳು ಬಾಗಿಲಲ್ಲೇ ಕಾಯ್ತಾ ನಿಂತಿದ್ಲು, ಸುಮನಾ ಬಂದದ್ದೇ ಚಪ್ಪಲಿ ಮೆಟ್ಟಿಕೊಂಡು ಹೊರಟ್ಲು. ಹೋಗೋವಾಗ, ‘ಅಮ್ಮಾರು ಮತ್ತೆ ಹಾಸಿಗೆ ಒದ್ದೆ ಮಾಡ್ಕೊಂಡಂಗೈತೆ ಕಣಕ್ಕ’ ಅಂದ್ಲು.

ಆ ವಾರದಲ್ಲಿ ಅದೇ ಮೊದಲಲ್ಲ. ಹಿಂದಿನ ದಿನ ಸುಮನಾ ಸಿಡುಕಿದ್ದೂ ಆಗಿತ್ತು. ‘ಮೊದ್ಲೇ ಒಂದು ಮಾತು ಹೇಳ್ಬಾರ್ದಾ ಅತ್ತೆ?’ ಅಂದಿದ್ಲು. ಮುದುಕಿ ಮುಖ ಆ ಕಡೆ ಮಾಡಿದ್ರು.

ರೂಮಿಗೆ ಹೋದ್ಲು. ದೀಪ ಇಲ್ಲ. ಎಸಿಯ ಹಸಿರು ಚುಕ್ಕೆ ಒಂದೇ.

‘ಸುಮನಾ… ನಾನಲ್ಲ ಕಣೇ.’

‘ಇರ್ಲಿ ಬಿಡಿ ಅತ್ತೆ. ಬದಲಾಯಿಸ್ತೀನಿ.’

‘ನಾನಲ್ಲ ಅಂದೆ. ಬೇಕಾದ್ರೆ ಮೂಸಿ ನೋಡು.’

ಒಂದು ಮನೆಯ ಯಜಮಾನಿಯಾಗಿ ಬದುಕಿದ ಹೆಂಗಸು, ಸೊಸೆಗೆ ‘ಮೂಸಿ ನೋಡು’ ಅಂತ ಹೇಳೋ ಹಾಗಾಯ್ತಲ್ಲ. ಸುಮನಾ ದೀಪ ಹಾಕಿ ಕೈಯಾಡಿಸಿದ್ಲು. ಅತ್ತೆ ಮಲಗಿದ್ದ ಕಡೆ ಗರಿಗರಿ ಒಣಗಿದೆ. ಒದ್ದೆ ಇರೋದು ಗೋಡೆ ಕಡೆ ಮಗ್ಗುಲು. ಯಾರೂ ಮಲಗದ ಅರ್ಧ. ವಾಸನೆ ಇಲ್ಲ. ತಣ್ಣನೆ ನೀರು.

ತಟ್…

ಅವಳ ಮುಂಗೈ ಮೇಲೆ ಒಂದು ಹನಿ ಬಿತ್ತು. ತಲೆ ಎತ್ತಿ ನೋಡಿದ್ಲು. ಎಸಿಯ ಕೆಳ ಅಂಚಲ್ಲಿ ಇನ್ನೊಂದು ಹನಿ ಜೋತಾಡ್ತಿತ್ತು.

‘ಅಯ್ಯೋ ಅತ್ತೆ! ಎಸಿ ಸೋರ್ತಿದೆ!’

ನಗುನೂ ಬಂತು, ನಾಚಿಕೆನೂ ಆಯ್ತು. ತಪ್ಪಾಯ್ತು ಅತ್ತೆ ಅಂತ ಕೈ ಹಿಡ್ಕೊಂಡ್ಲು. ಅತ್ತೆ ನಗ್ಲಿಲ್ಲ. ಆ ಒದ್ದೆ ಜಾಗಾನೇ ನೋಡ್ತಾ, ‘ಹೂಂ’ ಅಂದ್ರು.

ಮಾರನೇ ದಿನ ರುದ್ರೇಶ ಓಲ್ಡ್ ಟೌನಿಂದ ಹಾಲೇಶನ್ನ ಕರೆಸಿದ. ಫ್ರಿಜ್ಜು, ಎಸಿ ರಿಪೇರಿ ಮಾಡೋನು. ಮಾತುಗಾರ. ಏಣಿ ಹತ್ತಿ ಮುಚ್ಚಳ ಬಿಚ್ಚಿ ವಿವರಿಸೋಕೆ ಶುರು ಮಾಡ್ದ. ‘ತಣ್ಣೀರಿನ ಲೋಟದ ಹೊರಗೆ ಬೆವರು ಬರಲ್ವಾ ಅಕ್ಕ, ಹಂಗೇ ಇದ್ರೊಳಗೂ ನೀರು ಕೂರತ್ತೆ. ಅದು ಈ ಟ್ರೇಗೆ ಬಿದ್ದು ಪೈಪಲ್ಲಿ ಹೊರಗೆ ಹೋಗ್ಬೇಕು. ಹಾಕಿದವ್ರು ಪೈಪಿಗೆ ವಾಟಾನೇ ಕೊಟ್ಟಿಲ್ಲ. ಮಧ್ಯದಲ್ಲಿ ಜೋತು ಬಿದ್ದಿದೆ. ನೀರು ಇಳಿಯೋ ಬದಲು ವಾಪಸ್ ಬರ್ತಿದೆ.’

ಪೈಪನ್ನ ಇಳಿಜಾರಾಗಿ ಕಟ್ಟಿದ. ಟ್ರೇ ತೊಳೆದ. ಹೊರಗೆ ಹೋಗಿ, ಕಿಟಕಿ ಕೆಳಗೆ ಇದ್ದ ಪೈಪಿನ ತುದೀನ ಬಾಯಿಗಿಟ್ಟು, ಕಸ ಇದ್ರೆ ಹೋಗ್ಲಿ ಅಂತ ಜೋರಾಗಿ ಊದಿದ. ಈ ಕೆಲಸದವರೆಲ್ಲ ಹಾಗೇ ಮಾಡೋದು.

ಊದಿದವನು ತಟ್ಟನೆ ಪೈಪು ಬಿಟ್ಟು ಹಿಂದೆ ಸರಿದ. ತೋಳಿಂದ ಬಾಯಿ ಒರೆಸ್ಕೊಂಡ.

ಸುಮನಾ ಕೇಳಿದ್ಲು, ‘ಏನಾಯ್ತು ಹಾಲೇಶ್?’

‘ಏನಿಲ್ಲಕ್ಕ… ಆ ಕಡೆಯಿಂದ ಯಾರೋ ಎಳ್ಕೊಂಡಂಗಾಯ್ತು. ಒಳಗಿನ ಬ್ಲೋವರ್ ಗಾಳಿ ಇರ್ಬೇಕು.’

ಎಸಿ ಆಫ್ ಆಗಿತ್ತು. ಇಬ್ರಿಗೂ ಅದು ಗೊತ್ತು.

ಒಳಗೆ ಟ್ರೇಗೆ ಒಂದು ಮಗ್ಗು ನೀರು ಹುಯ್ದ. ಹೊರಗೆ ಸುರ್ರನೆ ಬಂತು. ಸರಿ ಹೋಯ್ತು ಅಂದ. ‘ಕೆಳಗೊಂದು ಬಕೆಟ್ ಇಟ್ಬಿಡಿ, ಗೋಡೆ ಬುಡ ಹಸಿ ಆಗಲ್ಲ, ನೀರು ಗಿಡಕ್ಕಾಗತ್ತೆ’ ಅಂತ ಹೇಳಿ ಹೋದ.

ಸೋರೋದು ನಿಂತಿತು. ಹಾಸಿಗೆ ಒಣಗ್ತು. ಸಂಜೆ ಹೊತ್ತಿಗೆ ಬಕೆಟ್ಟಿನ ಕಾಲು ಭಾಗ ನೀರು. ರಾತ್ರಿಯಿಡೀ ಎಸಿ ಓಡ್ತು, ಬೆಳಿಗ್ಗೆ ತುಂಬಿ ಹರಿದಿರತ್ತೆ ಅಂತ ಸುಮನಾ ಹೋಗಿ ನೋಡಿದ್ರೆ… ಖಾಲಿ. ಬರೀ ಖಾಲಿ ಅಲ್ಲ. ಒಣಗಿತ್ತು. ತಳದಲ್ಲಿ ಒಂದು ಹನಿ ಪಸೆ ಇಲ್ಲ. ಪೈಪಿನ ತುದೀನೂ ಒಣ.

ಬಕೆಟ್ ತೂತಾಗಿದೆಯಾ ಅಂತ ನೋಡಿದ್ಲು. ಇಲ್ಲ. ಬೇರೆ ಬಕೆಟ್ ಇಟ್ಲು. ಹಗಲೆಲ್ಲ ನೀರು ನಿಲ್ಲತ್ತೆ, ಹುಲಿಗೆಮ್ಮ ಅದನ್ನೇ ತಗೊಂಡು ದಾಸವಾಳಕ್ಕೆ ಹಾಕ್ತಾಳೆ. ರಾತ್ರಿ ಬಿದ್ದ ನೀರು ಮಾತ್ರ ಬೆಳಿಗ್ಗೆಗೆ ಇರಲ್ಲ.

ರುದ್ರೇಶ ನಕ್ಕ. ‘ದನ ಕುಡಿದಿರತ್ತೆ ಮಾರಾಯ್ತಿ. ಈ ಬಿಸಿಲಿಗೆ ಅವಕ್ಕೆಲ್ಲಿದೆ ನೀರು.’

‘ಗೇಟ್ ಹಾಕಿರತ್ತಲ್ಲ ರೀ?’

‘ಹಂಗಾದ್ರೆ ನಾಯಿ.’

ಒಂದು ಹಲಗೆಗೆ ಪೈಪ್ ತೂರೋಷ್ಟು ತೂತು ಕೊರೆದು ಬಕೆಟ್ ಮೇಲೆ ಮುಚ್ಚಿದ. ಹಲಗೆ ಮೇಲೆ ಒಂದು ರುಬ್ಬೋ ಗುಂಡು ಹೇರಿದ. ಬೆಳಿಗ್ಗೆ ಪಾಳಿ ಮುಗಿಸಿ ಬಂದು ನೇರ ಅಲ್ಲಿಗೇ ಹೋದ. ಗುಂಡು ಇಟ್ಟಲ್ಲೇ ಇತ್ತು. ಹಲಗೆ ಇಟ್ಟ ಹಾಗೇ ಇತ್ತು. ಎತ್ತಿದ. ಒಣ ಬಕೆಟ್.

ಅವತ್ತು ಅವನು ನಗ್ಲಿಲ್ಲ. ಸಿಟ್ಟು ಬಂತು ಅವನಿಗೆ. ಹೆದರಿಕೆ ಆದಾಗ ಗಂಡಸರಿಗೆ ಸಿಟ್ಟೇ ಬರೋದು. ಒಂದುದ್ದ ಪೈಪು ತಂದು ಈ ಪೈಪಿನ ಬಾಯಿಗೆ ಸೇರಿಸಿ, ಗೋಡೆಗುಂಟ ಎಳ್ಕೊಂಡು ಹೋಗಿ, ಬಚ್ಚಲ ಮೋರಿಗೆ ಬಿಟ್ಟ. ‘ಬಕೆಟ್ಟೂ ಬೇಡ, ನೀರಿನ ಲೆಕ್ಕಾನೂ ಬೇಡ’ ಅಂದ.

ಅದನ್ನ ಮಲಗಿದಲ್ಲಿಂದಲೇ ಕಿಟಕೀಲಿ ನೋಡ್ತಿದ್ದ ಬಸವರಾಜೇಶ್ವರಮ್ಮ ಮೆಲ್ಲಗೆ, ‘ಬೇಡ ಕಣೋ ರುದ್ರೇಶಾ… ಅದನ್ನ ಹಂಗೇ ಬಿಡು’ ಅಂದ್ರು. ಯಾಕಮ್ಮ ಅಂದ. ಅವರು ಸೆರಗು ಮುಖಕ್ಕೆ ಎಳ್ಕೊಂಡ್ರು.

ಆ ರಾತ್ರೀನೇ ಹಾಸಿಗೆ ಒದ್ದೆ ಆಯ್ತು. ಹನಿ ಬಿದ್ದು ಆದ ಒದ್ದೆ ಅಲ್ಲ. ಒಂದು ಕೊಡ ನೀರು ಸುರಿದ ಹಾಗೆ ಗೋಡೆ ಕಡೆ ಮಗ್ಗುಲು ಪೂರ್ತಿ ನೆಂದು, ದಿಂಬಿಂದ ನೀರು ಇಳೀತಿತ್ತು. ಹಾಲೇಶ್ ಮತ್ತೆ ಬಂದ. ಟ್ರೇ ಒಣ. ಪೈಪ್ ಕಟ್ಟಿಲ್ಲ. ವಾಟ ಸರಿ ಇದೆ. ‘ಎಸಿ ಆಫ್ ಮಾಡಿ ನೋಡಿಯಕ್ಕ’ ಅಂದ. ಆಫ್ ಮಾಡಿದ್ರು. ಪ್ಲಗ್ ಕಿತ್ತಿಟ್ರು. ಬೆಳಿಗ್ಗೆ ನೋಡಿದ್ರೆ ಮತ್ತೆ ಒದ್ದೆ. ಮಂಚಾನೇ ಎಳೆದು ರೂಮಿನ ಆ ಕಡೆ ಹಾಕಿದ್ರು. ಅಲ್ಲಿ ಮೇಲೆ ಎಸಿ ಇಲ್ಲ, ಏನಿಲ್ಲ, ಬಿಳೀ ತಾರಸಿ. ಆ ತಾರಸೀಲಿ ಒಂದು ಕಲೆ ಇಲ್ಲ… ಕೆಳಗೆ ಖಾಲಿ ಮಗ್ಗುಲು ಮಾತ್ರ ತೊಯ್ದು ತೊಪ್ಪೆ.

ಇನ್ನೊಮ್ಮೆ ಕರೆಸಿದಾಗ ಹಾಲೇಶ್ ಅದನ್ನ ನೋಡಿದ. ತಾರಸಿ ನೋಡಿದ. ತನ್ನ ಸ್ಕ್ರೂಡ್ರೈವರ್ ಎತ್ತಿ ಚೀಲಕ್ಕೆ ಹಾಕ್ಕೊಂಡ. ‘ಇದು ನನ್ನ ಕೆಲಸ ಅಲ್ಲಕ್ಕ’ ಅಂತ ಸಣ್ಣಗೆ ಹೇಳಿ ಹೋದ.

ಇಷ್ಟರಲ್ಲಿ ಅತ್ತೆಗೆ ಎದೇಲಿ ಕಫ ಕಟ್ಟಿತು. ಜ್ವರ. ಉಸಿರಾಡಿದ್ರೆ ಎದೆ ಗೊರಗೊರ ಅನ್ನೋದು. ಡಾಕ್ಟ್ರು ಬಂದು ನೋಡಿ, ‘ಈ ವಯಸ್ಸಲ್ಲಿ ಥಂಡೀಲಿ ಮಲಗ್ಸಿದ್ರೆ ಹೆಂಗ್ರೀ? ಇನ್ನೊಂದು ಸಲ ಹೀಗಾದ್ರೆ ಆಸ್ಪತ್ರೆಗೆ ಸೇರಿಸ್ಬೇಕು, ಆಮೇಲಿನ ಮಾತು ನಾನು ಹೇಳಲ್ಲ’ ಅಂದ್ರು. ಹಾಲಿಗೆ ಮಂಚ ಹಾಕ್ತೀವಿ ಅಂದ್ರೆ ಅತ್ತೆ ಒಪ್ಪಲಿಲ್ಲ. ಎಂದೂ ಹಟ ಮಾಡದ ಹೆಂಗಸು, ಮಂಚದ ಕಾಲು ಹಿಡ್ಕೊಂಡು, ‘ಈ ರೂಮ್ ಬಿಟ್ಟು ನಾನು ಬರಲ್ಲ’ ಅಂದ್ರು.

ಅವತ್ತು ರುದ್ರೇಶನಿಗೆ ರಜೆ ಸಿಗ್ಲಿಲ್ಲ. ಸುಮನಾ ಒಂದು ಚಾಪೆ ಹಾಸ್ಕೊಂಡು ಅತ್ತೆ ಮಂಚದ ಪಕ್ಕ ನೆಲದಲ್ಲೇ ಮಲಗಿದ್ಲು. ಒದ್ದೆ ಎಲ್ಲಿಂದ ಬರತ್ತೆ, ಇವತ್ತು ಕಣ್ಣಾರೆ ನೋಡೇ ಬಿಡ್ತೀನಿ ಅಂತ. ಎಸಿ ಪ್ಲಗ್ ಕಿತ್ತು, ಕಣ್ಣಿಗೆ ಕಾಣೋ ಹಾಗೆ ಜೋತು ಬಿಟ್ಟಿದ್ಲು. ಫ್ಯಾನು ಸಣ್ಣಗೆ ತಿರುಗ್ತಿತ್ತು. ಕರಕ್… ಕರಕ್… ಅಂತ ಅದರದ್ದೊಂದೇ ಸದ್ದು. ಹಾಗೇ ಕಣ್ಣಿಗೆ ಜೋಂಪು ಹತ್ತಿತು.

ಎಚ್ಚರ ಆದಾಗ ಫ್ಯಾನ್ ನಿಂತಿತ್ತು. ಕರೆಂಟ್ ಹೋಗಿತ್ತು. ಕತ್ತಲೆ… ಅಷ್ಟು ಕತ್ತಲೆ ಆ ರೂಮಲ್ಲಿ ಅವಳು ಕಂಡಿರ್ಲಿಲ್ಲ.

ತಟ್…

ಎಸಿ ಒಳಗಿಂದ. ಪ್ಲಗ್ ಕಿತ್ತಿಟ್ಟ ಎಸಿ.

ತಟ್…

ಆಮೇಲೆ ಪೈಪಲ್ಲಿ ಬೇರೆ ಸದ್ದು ಶುರುವಾಯ್ತು. ಎಳನೀರು ಮುಗಿದ ಮೇಲೂ ಸ್ಟ್ರಾ ಹಾಕಿ ಎಳೀತಾರಲ್ಲ… ಸೊರ್ರ್‌ರ್… ಸೊರ್ರ್‌ರ್… ನೀರಿಲ್ಲದ ಪೈಪನ್ನ ಯಾರೋ ಎಳೀತಿದಾರೆ. ಎಳೀತಾರೆ, ನಿಲ್ಲಿಸ್ತಾರೆ. ಉಸಿರು ತಗೋತಾರೆ. ಮತ್ತೆ ಎಳೀತಾರೆ. ಕೊನೆಗೊಂದು ಒಣ ಕೆಮ್ಮು. ಖ್ಹ್… ಖ್ಹ್…

ಬಾವಿ ಹತ್ರ ಕೇಳಿದ ಕೆಮ್ಮು. ಅಲ್ಲ… ಅದಕ್ಕೂ ಮುಂಚೆ ಕೇಳಿದ ಕೆಮ್ಮು. ತಿಂಗಳುಗಟ್ಟಲೆ ಇದೇ ರೂಮಲ್ಲಿ ಕೇಳಿದ ಕೆಮ್ಮು.

ಸುಮನಾ ಚಾಪೆ ಮೇಲೆ ಎದ್ದು ಕೂತ್ಲು.

ಪೈಪಿಂದ ಪಿಸುಮಾತು ಬಂತು. ದೂರದಿಂದ, ಕೊಳವೆ ಆ ತುದಿಗೆ ಬಾಯಿಟ್ಟು ಮಾತಾಡಿದ ಹಾಗೆ.

‘ಸುಮನಾ… ಬೆಳಗಾಯ್ತೇನಮ್ಮಾ?’

ಅವಳು ತಿರುಗಿ ಮಂಚದ ಮೇಲೆ ನೋಡಿದ್ಲು. ಕತ್ತಲೇಲೂ ಅತ್ತೆ ಕಣ್ಣು ತೆರೆದಿರೋದು ಕಾಣ್ತು. ನಿದ್ದೆಯಿಂದ ಎದ್ದ ಕಣ್ಣಲ್ಲ.

‘ಅತ್ತೆ… ಕೇಳಿಸ್ತಾ?’

‘ದಿನಾ ಕೇಳ್ತಾರೆ’ ಅಂದ್ರು ಅತ್ತೆ, ಪಿಸುದನೀಲಿ. ‘ನನ್ನಲ್ಲ ಕೇಳೋದು. ನಿನ್ನ.’

‘ಮತ್ತೆ ನೀವ್ಯಾಕೆ ನಂಗೆ ಹೇಳ್ಲಿಲ್ಲ?’

‘ಹೇಳಿದ್ರೆ… ನೀನು ಹೆಂಗೆ ಬದುಕ್ತಿದ್ದೆ ಮಾರಾಯ್ತಿ?’

ಈಗ ಆ ವಿಷಯ ಹೇಳ್ಬೇಕು.

ಸುಮನಾ ಮಾವ ಮುರುಗೇಶಪ್ಪ. ಆಯಸ್ಸೆಲ್ಲ ಒಂದು ಫೌಂಡ್ರೀಲಿ, ಕಬ್ಬಿಣ ಕರಗಿಸೋ ಕುಲುಮೆ ಮುಂದೆ ನಿಂತು ದುಡಿದ ಮನುಷ್ಯ. ಮನೆಗೆ ಬಂದ್ರೆ ಮೊದ್ಲು ನೀರು. ಅವರು ನೀರು ಕುಡಿಯೋದನ್ನ ನೋಡಿದ್ರೆ ನಮಗೇ ಹೊಟ್ಟೆ ತಂಪಾಗೋದು. ಆಮೇಲೆ ಎರಡೂ ಕಿಡ್ನಿ ಹೋಯ್ತು. ಡಯಾಲಿಸಿಸ್. ನೀರು ಕುಡಿದ್ರೆ ಮೈ ಬಾತು, ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ಳತ್ತೆ, ದಿನಕ್ಕೆ ಇಷ್ಟೇ ಅಂತ ಅಳೆದು ಕೊಡಿ ಅಂದಿದ್ರು ಡಾಕ್ಟ್ರು. ಮನೇಲಿ ರಿಪೋರ್ಟ್ ಓದೋಕೆ ಬರೋದು ಸುಮನಾಗೆ ಒಬ್ಬಳಿಗೇ. ಹಂಗಾಗಿ ನೀರಿನ ಕಾವಲು ಅವಳದ್ದೇ ಆಯ್ತು. ಅತ್ತೆ ಕದ್ದು ಒಂದು ಚಮಚ ಕೊಟ್ರೂ ಅವಳಿಗೆ ಗೊತ್ತಾಗೋದು. ‘ಇದು ಪ್ರೀತಿ ಅಲ್ಲ ಅತ್ತೆ, ವಿಷ’ ಅನ್ನೋಳು. ಅವಳು ಹೇಳಿದ್ದು ಸುಳ್ಳೂ ಅಲ್ಲ. ಅವಳಿಂದಾನೇ ಆ ಮನುಷ್ಯ ಅಷ್ಟು ದಿನ ಇದ್ದಿದ್ದು ಅಂತ ಡಾಕ್ಟ್ರೇ ಹೇಳಿದ್ರು.

ಕೊನೇ ರಾತ್ರಿ ಮಾವ ಒಂದೇ ಸಮ ಕೇಳಿದ್ರು. ‘ಒಂದು ಗುಟುಕು ಕೊಡಮ್ಮ. ಕುಲುಮೆ ಒಳಗೆ ಮಲಗಿದಂಗಾಗ್ತಿದೆ.’ ಇವಳು ಹತ್ತಿ ನೆನೆಸಿ ತುಟಿ ಒರೆಸಿದ್ಲು. ‘ಇವತ್ತಿಂದು ಮುಗೀತು ಮಾವ. ಬೆಳಗಾಗ್ಲಿ, ಬೆಳಿಗ್ಗೆ ಕೊಡ್ತೀನಿ.’

ಮುರುಗೇಶಪ್ಪ ಮಗುವಿನ ಹಾಗೆ ನಂಬಿದ್ರು. ಆಗಾಗ ಕಣ್ಣು ಬಿಟ್ಟು ಕಿಟಕಿ ನೋಡೋದು, ಕೇಳೋದು. ‘ಬೆಳಗಾಯ್ತೇನಮ್ಮಾ?’ ‘ಇನ್ನೂ ಇಲ್ಲ ಮಾವ.’ ಮತ್ತೆ ಸ್ವಲ್ಪ ಹೊತ್ತಿಗೆ… ‘ಬೆಳಗಾಯ್ತೇನಮ್ಮಾ?’

ಕತ್ತಲೆ ಇರುವಾಗಲೇ ಜೀವ ಹೋಯ್ತು. ಜಂಗಮರು ಬಂದು ಬಾಯಿಗೆ ಪಾದೋದಕ ಬಿಟ್ರು. ಅದೂ ಒಳಗಿಳೀಲಿಲ್ಲ. ಕಟವಾಯಿಂದ ಕೆನ್ನೆಗುಂಟ ಇಳಿದು, ದಿಂಬು ಒದ್ದೆ ಆಯ್ತು. ಸಮಾಧಿ, ಶಿವಗಣಾರಾಧನೆ, ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ ಆ ಮನೆಯವರು. ಆದ್ರೆ ಸುಮನಾ ಮಾತ್ರ ಬಹಳ ದಿನ, ಒಂದು ಲೋಟ ನೀರನ್ನ ಪೂರ್ತಿ ಕುಡೀತಿರ್ಲಿಲ್ಲ. ಅರ್ಧಕ್ಕೇ ಇಟ್ಬಿಡೋಳು.

ಆ ರೂಮು, ಆ ಮಂಚ, ಅದೇ. ಮಾವ ಮಲಗ್ತಿದ್ದದ್ದು ಗೋಡೆ ಕಡೆ ಮಗ್ಗುಲಲ್ಲಿ.

‘ಸುಮನಾ…’ ಪೈಪು ಮತ್ತೆ ಪಿಸುಗುಟ್ಟಿತು. ‘ಬೆಳಗಾಯ್ತೇನಮ್ಮಾ?’

‘ಅತ್ತೆ, ನಾನೇನು ಮಾಡ್ಲಿ?’ ಅವಳು ಅಳ್ತಿದ್ಲು.

‘ಕೊಡ್ತೀನಿ ಅಂದಿದ್ದೆಯಲ್ಲ’ ಅಂದ್ರು ಅತ್ತೆ. ‘ಕೊಡು.’

ಸುಮನಾ ಎದ್ಲು. ಗೋಡೆ ಹಿಡ್ಕೊಂಡು ಅಡುಗೆಮನೆಗೆ ಹೋದ್ಲು. ಹಿತ್ತಾಳೆ ಚೊಂಬು ಕೈಗೆ ಸಿಕ್ತು. ಮಡಕೆಯಿಂದ ನೀರು ಬಗ್ಗಿಸಿ, ಅಂಚಿನ ತನಕ ತುಂಬಿದ್ಲು. ಅಳೀಲಿಲ್ಲ. ಹಿಂಬಾಗಿಲ ಚಿಲಕ ತೆಗೆದ್ಲು. ಕಟಕ್… ಆ ಸದ್ದಿಗೆ ತಾನೇ ಬೆಚ್ಚಿದ್ಲು.

ಹೊರಗೆ ಒಂದು ಎಲೆ ಅಲುಗ್ತಿಲ್ಲ. ಕಿಟಕಿ ಕೆಳಗೆ ಹೋಗಿ, ರುದ್ರೇಶ ಬಿಗಿದಿದ್ದ ಪೈಪಿನ ಜಾಯಿಂಟನ್ನ ಹಿಡಿದು ಎಳೆದ್ಲು. ಬರ್ಲಿಲ್ಲ. ಎರಡೂ ಕೈ ಹಾಕಿ ತಿರುಚಿದ್ಲು. ಪಟ್ಟಂತ ಬಿಟ್ಕೊಳ್ತು. ತೆರೆದ ಬಾಯಿಂದ ಅವಳ ಮುಖಕ್ಕೆ ಗಾಳಿ ಹೊಡೀತು. ಎಸಿಯ ತಣ್ಣನೆ ಗಾಳಿ ಅಲ್ಲ… ಬಿಸಿ. ಕಾದ ಮರಳಿನ ವಾಸನೆ.

ಚೊಂಬನ್ನ ಪೈಪಿನ ಬಾಯಿ ಕೆಳಗೆ ಕಟ್ಟೆ ಮೇಲೆ ಇಟ್ಲು. ಬೆಳಗಾಯ್ತು ಅಂತ ಹೇಳ್ಬೇಕು. ಆಕಾಶ ನೋಡಿದ್ಲು. ಚುಕ್ಕೆ ಇದ್ವು. ಸತ್ತವರಿಗೆ ಸುಳ್ಳು ಹೇಳೋದು ಹೆಂಗೆ ಅಂತ ಒಂದು ಕ್ಷಣ ಅವಳ ನಾಲಿಗೆ ತಡೀತು.

ಅಷ್ಟರಲ್ಲಿ ದೂರದ ಮಸೀದಿಯಿಂದ ಬೆಳಗಿನ ಬಾಂಗು ಕೇಳಿಸ್ತು.

‘ಬೆಳಗಾಯ್ತು ಮಾವ’ ಅಂದ್ಲು ಸುಮನಾ. ‘ತಡ ಆಯ್ತು… ತಗೊಳ್ಳಿ. ಹೊಟ್ಟೆ ತುಂಬ ಕುಡೀರಿ.’

ಹಿಂದೆ ತಿರುಗಿ ನೋಡದೆ ಒಳಗೆ ಬಂದ್ಲು. ಅತ್ತೆ ಮಂಚದ ಹತ್ರ ಕೂತು ಅವರ ಕೈ ಹಿಡ್ಕೊಂಡ್ಲು. ಇಬ್ರೂ ಕಿಟಕಿ ಕಡೆ ಕಿವಿ ಕೊಟ್ರು.

ಗುಟುಕ್… ಗುಟುಕ್… ಗುಟುಕ್…

ಒಂದು ಚೊಂಬಲ್ಲಿ ಎಷ್ಟು ನೀರು ಹಿಡಿಯತ್ತೆ ಹೇಳಿ? ಆ ಸದ್ದು ನಿಲ್ಲಲೇ ಇಲ್ಲ. ಬಾಂಗು ಮುಗೀತು. ಎಲ್ಲೋ ಹಾಲಿನ ಗಾಡಿ ಹೋಯ್ತು. ಇನ್ನೂ ಕುಡೀತಾನೇ ಇದಾರೆ. ಒಂದು ಕೊಡ ಆಗೋಷ್ಟು ಹೊತ್ತು, ಒಂದು ಹಂಡೆ ಆಗೋಷ್ಟು ಹೊತ್ತು… ಅತ್ತೆ ಕಣ್ಣಿಂದ ನೀರು ಕಿವಿ ಕಡೆ ಇಳೀತಿತ್ತು. ‘ನಿಧಾನಕ್ಕೆ ಕುಡೀರಿ’ ಅಂದ್ರು ಆ ಮುದುಕಿ, ‘ನೆತ್ತಿಗೆ ಹತ್ತತ್ತೆ.’

ಕೊನೆಗೆ ಸದ್ದು ನಿಂತಿತು.

‘ಹಾ…’

ಅಷ್ಟೇ. ಫ್ಯಾನು ತಿರುಗೋಕೆ ಶುರುವಾಯ್ತು. ಕರೆಂಟ್ ಬಂದಿತ್ತು. ಸುಮನಾ ಗೋಡೆ ಕಡೆ ಮಗ್ಗುಲಿಗೆ ಕೈ ಹಾಕಿ ನೋಡಿದ್ಲು. ಒಣಗಿತ್ತು.

ಆಮೇಲೆ ಆ ಮನೇಲಿ ಏನೂ ಆಗ್ಲಿಲ್ಲ. ಅತ್ತೆ ಜ್ವರ ಇಳೀತು, ಎದೆ ಹಗುರಾಯ್ತು. ಈಗ ವಾಕರ್ ಹಿಡ್ಕೊಂಡು ಗೇಟಿನ ತನಕ ಬರ್ತಾರೆ, ನಮ್ಮಮ್ಮನ ಹತ್ರ ಮಾತಾಡ್ತಾ ನಿಲ್ತಾರೆ. ರುದ್ರೇಶನೇ ಆ ಉದ್ದ ಪೈಪನ್ನ ಬಿಚ್ಚಿ ಗುಜರಿಗೆ ಹಾಕಿದ. ಹಾಲೇಶನ್ನ ಕರೆದ್ರೆ ಬರ್ಲಿಲ್ಲ, ಫೋನಲ್ಲೇ ಹೇಳಿಕೊಟ್ಟ. ಈ ಬೇಸಿಗೇಲೂ ಅದೇ ಎಸಿ ಓಡ್ತಿದೆ, ಒಂದು ಹನಿ ಒಳಗೆ ಬಿದ್ದಿಲ್ಲ.

ಆದ್ರೆ ಆ ಬೆಳಿಗ್ಗೆದು ಒಂದು ಮಾತಿದೆ. ಸುಮನಾ ಇದನ್ನ ಗಂಡನಿಗೂ ಬೇಗ ಹೇಳ್ಲಿಲ್ಲ.

ಚೆನ್ನಾಗಿ ಬೆಳಕಾದ ಮೇಲೆ ಅವಳು ಚೊಂಬು ತರೋಕೆ ಹೋದ್ಲು. ಬಿಸಿಲು ಇನ್ನೂ ಬಂದಿರ್ಲಿಲ್ಲ. ಆ ಕಡೆಗೆ ಬಿಸಿಲು ಬರೋದೇ ಮಧ್ಯಾಹ್ನದ ಮೇಲೆ. ಅವಳು ನೆಟ್ಟಗೆ ಇಟ್ಟಿದ್ದ ಚೊಂಬು, ಕಟ್ಟೆ ಮೇಲೆ ಬೋರಲಾಗಿತ್ತು. ಉರುಳಿ ಬಿದ್ದಿದ್ದಲ್ಲ… ಯಾರೋ ಕುಡಿದು, ತೊಳೆದು, ಬೋರಲು ಹಾಕಿದ ಹಾಗೆ ನೀಟಾಗಿ. ಸುತ್ತ ಒಂದು ಹನಿ ನೀರಿಲ್ಲ. ಎತ್ತೋಕೆ ಹೋಗಿ ‘ಹಾ!’ ಅಂತ ಕೈ ಬಿಟ್ಲು.

ಚೊಂಬು ಕೆಂಡದ ಹಾಗೆ ಸುಡ್ತಿತ್ತು.

ನಾನೇ ನೋಡಿದೀನಿ ಅವಳ ಬೆರಳು. ತುದೀಲಿ ಬೊಬ್ಬೆ ಎದ್ದು, ಲ್ಯಾಬಲ್ಲಿ ಒಂದು ವಾರ ರಕ್ತ ತೆಗೆಯೋಕೆ ಆಗ್ಲಿಲ್ಲ ಅವಳಿಗೆ. ಕೇಳಿದವರಿಗೆಲ್ಲ ಹಾಲಿನ ಪಾತ್ರೆ ತಾಗ್ತು ಅಂದ್ಲು.

ಹಾಲು ಕಾಯಿಸಿದ್ರೆ ತಾನೇ. ಆ ಬೆಳಿಗ್ಗೆ ಅವರ ಮನೇಲಿ ಇನ್ನೂ ಒಲೆ ಹಚ್ಚಿರ್ಲಿಲ್ಲ. ಅತ್ತೆಗೆ ಕಾಫಿ ಕಳಿಸಿದ್ದು ನಮ್ಮ ಮನೆಯಿಂದ.